ಲ್ಯಾಗ್ ಆಗುತ್ತಿರುವುದು ಸರ್ವರಿನಿಂದಲೋ, ಮನೆಯ ವೈಫೈನಿಂದಲೋ?

ಆನ್‌ಲೈನ್ ಗೇಮಿನಲ್ಲಿ ತಲೆಗೇ ಗುರಿಯಿಟ್ಟು ಹೊಡೆದ ಗುಂಡು ಲೆಕ್ಕಕ್ಕೆ ಬರುವುದಿಲ್ಲ, ಓಡುತ್ತಿದ್ದವನು ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಲ್ಲುತ್ತಾನೆ. ಈ ತಡವೇ ಲ್ಯಾಗ್. ತಕ್ಷಣ ಗೇಮ್ ಡಿಲೀಟ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ. ಡೇಟಾ ಖಾಲಿಯಾಗುತ್ತದೆ, ಲ್ಯಾಗ್ ಅಲ್ಲೇ ಇರುತ್ತದೆ.

ವಿಂಡೋಸ್‌ನಲ್ಲಿ ಎರಡು ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆಯಿರಿ. ಒಂದರಲ್ಲಿ ನಿಮ್ಮ ರೂಟರಿಗೆ (ಹೆಚ್ಚಾಗಿ 192.168.1.1), ಇನ್ನೊಂದರಲ್ಲಿ 8.8.8.8ಕ್ಕೆ (ಹೊರಗಿನ ಇಂಟರ್ನೆಟ್ಟಿನಲ್ಲಿರುವ ಗೂಗಲ್ ಸರ್ವರಿನ ವಿಳಾಸ) ಪಿಂಗ್ (ping) ಕೊಡಿ. ಪಿಂಗ್ ಎಂದರೆ ಪುಟ್ಟ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ನೋಡುವುದು. ಕೊನೆಗೆ ಡ್ಯಾಶ್ ಹಾಕಿ ಇಂಗ್ಲಿಷಿನ ಟಿ ಅಕ್ಷರ ಸೇರಿಸಿದರೆ ನೀವು ಕಂಟ್ರೋಲ್-ಸಿ ಒತ್ತುವವರೆಗೂ ಪಿಂಗ್ ಓಡುತ್ತಲೇ ಇರುತ್ತದೆ. ಎರಡನ್ನೂ ಓಡಲು ಬಿಟ್ಟು ಒಂದು ಮ್ಯಾಚ್ ಆಡಿ.

ರೂಟರಿನ ಪಿಂಗೇ 3, 4, 3, 118, 4 ಮಿಲಿಸೆಕೆಂಡ್ ಎಂದು ಕುಣಿಯುತ್ತಿದ್ದರೆ ತಪ್ಪು ವೈಫೈನದು. ಅಕ್ಕಪಕ್ಕದ ಮನೆಗಳ ರೂಟರುಗಳೆಲ್ಲ 2.4 ಗಿಗಾಹರ್ಟ್ಸ್‌ನಲ್ಲೇ ಗುದ್ದಾಡುತ್ತಿರುತ್ತವೆ. 5ಕ್ಕೆ ಬದಲಿಸಿ ನೋಡಬಹುದು. ಆದರೆ ಬಾಗಲಕೋಟೆ, ವಿಜಯಪುರದ ಹಳೆಯ ಕಲ್ಲುಗೋಡೆಯ ಮನೆಗಳಲ್ಲಿ ಅದು ಪಕ್ಕದ ಕೋಣೆಗೂ ನೆಟ್ಟಗೆ ಮುಟ್ಟುವುದಿಲ್ಲ. ಅಲ್ಲಿ ಕ್ಯಾಟ್ 5ಇ ಲ್ಯಾನ್ ಕೇಬಲ್ ಎಳೆಯುವುದೇ ಸರಿ.

ರೂಟರ್ ಸರಿಯಿದ್ದು 8.8.8.8 ಮಾತ್ರ ಎಡವುತ್ತಿದ್ದರೆ ಮೊದಲು ಮನೆಯ ಫೋನುಗಳ ಫೋಟೋ ಬ್ಯಾಕಪ್ ನಿಲ್ಲಿಸಿ. ಅಪ್‌ಲೋಡ್ ತುಂಬಿದರೆ ಗೇಮಿನ ಪುಟ್ಟ ಪ್ಯಾಕೆಟ್‌ಗಳೂ (ಡೇಟಾದ ತುಣುಕುಗಳು) ಅದರ ಹಿಂದೆ ಪಾಳಿ ನಿಲ್ಲಬೇಕು. ಆಮೇಲೂ ‘ರಿಕ್ವೆಸ್ಟ್ ಟೈಮ್ಡ್ ಔಟ್’ (ಉತ್ತರವೇ ಬರಲಿಲ್ಲ) ಎಂದು ಬರುತ್ತಿದ್ದರೆ ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಇಂಟರ್ನೆಟ್ ಕೊಟ್ಟ ಕೇಬಲ್‌ನವರಿಗೆ ಕಳಿಸಿ. ಅವರು ಸ್ಪೀಡ್ ಟೆಸ್ಟ್ ತೋರಿಸಿ ಎಲ್ಲ ಸರಿಯಿದೆ ಎನ್ನುತ್ತಾರೆ, ಒಪ್ಪಬೇಡಿ. ನಡುನಡುವೆ ಕಳೆದುಹೋಗುವ ಪ್ಯಾಕೆಟ್ ಸ್ಪೀಡ್ ಟೆಸ್ಟಿನಲ್ಲಿ ಹೆಚ್ಚಾಗಿ ಕಾಣುವುದಿಲ್ಲ.

ಎರಡೂ ಸರಿಯಿವೆಯೇ? ಗೇಮಿನೊಳಗೆ ಯಾವ ಸರ್ವರ್ ಆರಿಸಿದ್ದೀರಿ ನೋಡಿ. ವ್ಯಾಲೊರಂಟ್‌ನಲ್ಲಿ (ಐದೈದು ಜನರ ಎರಡು ತಂಡಗಳ ಗುಂಡು ಹಾರಿಸುವ ಗೇಮ್) ಸಿಂಗಾಪುರ ಬಿಟ್ಟು ಮುಂಬೈ ಇಟ್ಟುಕೊಳ್ಳಿ. ಫೈಬರಿನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ಬೆಳಗಾವಿಯಿಂದ ಮುಂಬೈ ಸುಮಾರು 500 ಕಿಲೋಮೀಟರ್. ನೇರ ಹೋಗಿ ಬರಲು 5 ಮಿಲಿಸೆಕೆಂಡ್ ಸಾಕು. ಯಂತ್ರಗಳ ತಡ ಸೇರಿಸಿದರೂ ಪಿಂಗ್ 80 ಬರಬಾರದು. ಬಂದರೆ ಡೇಟಾ ಊರೂರು ಸುತ್ತಿ ಹೋಗುತ್ತಿರಬಹುದು.

ಪಿಂಗ್ ಸ್ಥಿರವಾಗಿದ್ದೂ ಮ್ಯಾಚಿನ ಹತ್ತೂ ಜನ ಒಮ್ಮೆಲೇ ನಿಂತರೆ ಅದು ಸರ್ವರಿನದೇ. ವ್ಯಾಲೊರಂಟ್ ಸರ್ವರ್ ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು ಎಂದು ಸೆಕೆಂಡಿಗೆ 128 ಸಲ ಲೆಕ್ಕ ಹಾಕುತ್ತದೆ, ಒಂದೊಂದಕ್ಕೆ 7.8 ಮಿಲಿಸೆಕೆಂಡ್. ಅಷ್ಟರಲ್ಲಿ ಮುಗಿಯದಿದ್ದರೆ ಎಲ್ಲರಿಗೂ ತಡ. ದುಡ್ಡು ಕೊಡದೆ ಆಡುವ ಗೇಮ್ ಟಿಕೆಟ್ ಇಲ್ಲದ ಜಾತ್ರೆಯಿದ್ದಂತೆ: ಹೊಸ ಸೀಸನ್ ದಿನ ಲಾಗಿನ್ ಬಾಗಿಲಲ್ಲೇ ನೂಕುನುಗ್ಗಲು. ಲಾಗಿನ್ ಬಟನ್ ಮತ್ತೆ ಮತ್ತೆ ಒತ್ತಿದರೆ ಹೊರೆ ಹೆಚ್ಚುತ್ತದೆ, ನಿಮ್ಮನ್ನೇ ಸ್ವಲ್ಪ ಹೊತ್ತು ತಡೆಹಿಡಿಯಲೂಬಹುದು. ಗೇಮಿನ ಸ್ಟೇಟಸ್ ಪುಟ ನೋಡಿ, ಅದು ಸರಿಹೋಯಿತು ಎನ್ನುವವರೆಗೆ ರ‍್ಯಾಂಕ್ ಮ್ಯಾಚಿಗೆ ಕೈ ಹಾಕಬೇಡಿ.