ಕೆಟ್ಟದ್ದನ್ನು ಬಾಯಲ್ಲಿ ಆಡದವರ ನಡುವೆ

ಅಮೆರಿಕದ ಅರಿಜೋನಾದಲ್ಲಿ, ನವಾಹೋ ಎಂಬ ಮೂಲನಿವಾಸಿ ಬುಡಕಟ್ಟಿನ ಸೀಮೆಯ ಕ್ಲಿನಿಕ್ಕೊಂದರಲ್ಲಿ ನಾನು ಆಪ್ತಸಮಾಲೋಚಕಿ. ಊರೂರಿನ ಚಾಪ್ಟರ್ ಹೌಸ್‌ಗಳಲ್ಲಿ, ಅಂದರೆ ಊರಿನ ಸಭಾಭವನಗಳಲ್ಲಿ, ಮನಸ್ಸಿನ ಕಾಯಿಲೆಗಳ ಬಗ್ಗೆ ಸಭೆ ನಡೆಸುತ್ತೇನೆ. ಸಭೆ ಅಂದರೆ ಮೊದಲು ಮಟನ್ ಸ್ಟ್ಯೂ, ಫ್ರೈ ಬ್ರೆಡ್. ಅಷ್ಟು ದೂರದ ಮಣ್ಣುರಸ್ತೆಯಲ್ಲಿ ಬಂದವರಿಗೆ ಬರೀ ಭಾಷಣ ಬಡಿಸೋಕಾಗುತ್ತದೆಯೇ?

ಖಿನ್ನತೆಯ ಪ್ರಶ್ನಾವಳಿಯ ಕೊನೆಯಲ್ಲಿ 'ಸತ್ತರೇ ಮೇಲು ಅನಿಸಿದೆಯೇ' ಎಂಬ ಪ್ರಶ್ನೆಯಿದೆ. ಇಲ್ಲಿನ ಹಿರಿಯರು ಅದಕ್ಕೆ ಬಾಯಿ ಬಿಡುವುದಿಲ್ಲ. ಆಡಿದ ಮಾತಿಗೆ ಆಗಿಸುವ ಬಲವಿದೆ ಎಂಬುದು ಅವರ ನಂಬಿಕೆ. ಹೊರಗಿನವರು ಕಳಂಕದ ಭಯ ಎಂದು ಬರೆದುಕೊಳ್ಳುವುದರಲ್ಲಿ ಒಂದು ಪಾಲು ಇದೇ. 'ಬಿಡ್ತು ಅನ್ನು' ಎಂದು ಅಜ್ಜಿಯಿಂದ ಬೈಸಿಕೊಂಡು ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಹಾಗಾಗಿ ನಾನು ಮೂರನೆಯವರ ಕಥೆ ಹೇಳುತ್ತೇನೆ. "ಒಬ್ಬ ಹುಡುಗ. ಕುದುರೆ, ಗೂಳಿ ಸವಾರಿಯ ರೋಡಿಯೋ ಪಂದ್ಯಕ್ಕೆ ಹೋಗೋದು ಬಿಟ್ಟ. ಕುರಿ ಕಡೆ ತಿರುಗಿಯೂ ನೋಡ್ತಿರಲಿಲ್ಲ. ಮನೆಯವರು ಏನು ಮಾಡಬಹುದಿತ್ತು?" ಆಗ ಮಾತು ಬರುತ್ತದೆ. ಅಪಾಯದ ಸುಳಿವಿದ್ದರೆ ನೇರವಾಗಿ ಕೇಳಲೇಬೇಕು, ನಿಜ. ಅದನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಅಪ್ಪಣೆ ಪಡೆದು ಕೇಳುತ್ತೇನೆ.

ಅಸಲಿ ಮೇಷ್ಟ್ರು ನಾನಲ್ಲ, ನಮ್ಮ ಸಮುದಾಯ ಆರೋಗ್ಯ ಕಾರ್ಯಕರ್ತೆ. ಬುಡಕಟ್ಟಿನವರನ್ನೇ ಈ ಕೆಲಸಕ್ಕೆ ತರುವ ಯೋಜನೆ 1968ರಿಂದಲೂ ಇದೆ. ಆಕೆ ತಾಯಿಯ ಕುಲ ಮೊದಲಾಗಿ ತನ್ನ ನಾಲ್ಕು ಕುಲ ಹೇಳಿಕೊಳ್ಳುವಷ್ಟರಲ್ಲಿ ಸಭೆಯಲ್ಲಿ ಎಷ್ಟೋ ಜನ ನೆಂಟರಾಗಿಬಿಡುತ್ತಾರೆ.

ಮುಂದಿನ ಸಾಲಿನಲ್ಲಿ ಬೋರ್ಡಿಂಗ್ ಶಾಲೆ ಕಂಡವರು ಕೂತಿರುತ್ತಾರೆ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಸರ್ಕಾರ ಶುರುಮಾಡಿದ ಮಾದರಿ ಅದು: ಬುಡಕಟ್ಟಿನ ಮಕ್ಕಳ ಕೂದಲು ಕತ್ತರಿಸಿ, ತಾಯ್ನುಡಿಗೆ ಶಿಕ್ಷೆ ಕೊಡುತ್ತಿದ್ದ ಶಾಲೆಗಳು. ಸರ್ಕಾರಿ ಕಟ್ಟಡ ಕಂಡರೆ ಅವರಿಗೆ ಹಿಂಜರಿಕೆ ಏಕೆ ಎಂದು ನಾನು ಕೇಳುವುದಿಲ್ಲ. ಖಿನ್ನತೆಗೂ ಮೊದಲು ಆ ಚರಿತ್ರೆಯನ್ನೇ ಎತ್ತಿಕೊಳ್ಳುತ್ತೇನೆ. 'ನಮ್ಮ ವಂಶದಲ್ಲೇ ದೋಷ' ಎಂದುಕೊಂಡವರಿಗೆ ಅಲ್ಲಿ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ. ಮಾತ್ರೆ ನುಂಗಿದರೆ ನಮ್ಮ ಶಾಂತಿಕರ್ಮ ಬಿಡಬೇಕಾ ಎಂದೂ ಕೇಳುತ್ತಾರೆ. ಬೇಡ, ಎರಡೂ ನಡೆಯಲಿ ಎನ್ನುತ್ತೇನೆ.

ಭಾಷಣಕ್ಕೆ ಬಗ್ಗದ ತೊಡಕೂ ಒಂದಿದೆ. "ನಿಮ್ಮ ಕೌಂಟರಿನಲ್ಲಿರೋಳು ನನ್ನ ಚಿಕ್ಕಮ್ಮನ ಮಗಳು, ನಾ ಹೆಂಗೆ ಬರಲಿ?" ನ್ಯಾಯವಾದ ಮಾತು. ಗುಟ್ಟು ಕಾಪಾಡುವ ಪಾಠವನ್ನು ಮೊದಲು ನಮ್ಮ ಸಿಬ್ಬಂದಿಗೇ ಮಾಡಿದೆವು. ಸಮಾಲೋಚನೆಯ ಕೋಣೆಯನ್ನು ಸಕ್ಕರೆ ಕಾಯಿಲೆ ವಿಭಾಗದ ಪಕ್ಕಕ್ಕೆ ತಂದೆವು. ಯಾರು ಯಾವುದಕ್ಕೆ ಬಂದರೆಂದು ಹೊರಗೆ ಕೂತವರಿಗೆ ತಿಳಿಯದು.

ಸಾಯುವ ಯೋಚನೆ ಬಂದವರು ಕರೆ ಮಾಡಲೆಂದು 2022ರಲ್ಲಿ ಬಂದ ಸಹಾಯವಾಣಿ 988ರ ಚೀಟಿಯನ್ನು ಹುಡುಗರಿಗೆ ಕೊಡುತ್ತೇವೆ. ಎಷ್ಟೋ ಕಡೆ ಮೊಬೈಲ್ ಸಿಗ್ನಲ್ಲೇ ಇಲ್ಲ. ಅದಕ್ಕೆ ಹತ್ತಿರದಲ್ಲಿ ಎಲ್ಲಿ ಸಿಗ್ನಲ್ ಸಿಗುತ್ತದೆ ಎಂದು ಅವರಿಂದಲೇ ಕೇಳಿ ಚೀಟಿಯ ಹಿಂದೆ ಬರೆಸುತ್ತೇವೆ.