ಹಳೇ ಹಾಯಿದೋಣಿಯಲ್ಲೇ ಇದ್ದುಕೊಂಡು ರಿಪೇರಿ: ಯಾವುದು ಮೊದಲು, ಯಾವುದು ಆಮೇಲೆ

ಹಳೇ ಹಾಯಿದೋಣಿ ಕೊಂಡು, ಮರೀನಾದಲ್ಲಿ (ದೋಣಿಗಳನ್ನು ಕಟ್ಟಿ ನಿಲ್ಲಿಸುವ ಬಂದರು) ಕಟ್ಟಿ, ಅದರಲ್ಲೇ ವಾಸ ಮಾಡುತ್ತಾ ರಿಪೇರಿ ಮಾಡಬೇಕು ಅಂತಿದ್ದೀರಾ? ಹಾಗಾದರೆ ಒಳಗಿನ ಮರಕ್ಕೆ ವಾರ್ನಿಶ್ ಹಚ್ಚೋದು, ಹೊಸ ಕುಶನ್ ಹೊಲಿಸೋದು ಎಲ್ಲ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ದೋಣಿ ಮುಳುಗಬಾರದು. ಆಮೇಲೆ ಬೆಂಕಿ ಹತ್ತಬಾರದು. ಅದಾದ ಮೇಲೆ ಮಳೆ ನೀರು ಒಳಗೆ ಬರಬಾರದು. ಖಾಲಿ ದೋಣಿಯಾಗಿದ್ದರೆ ಕೆಲಸವನ್ನು ಎಲ್ಲಿಂದ ಶುರು ಮಾಡಿದರೂ ನಡೆಯುತ್ತಿತ್ತೇನೋ, ಆದರೆ ನೀವು ರಾತ್ರಿ ಅದರಲ್ಲೇ ಮಲಗುತ್ತೀರಿ, ಅಲ್ವಾ?

ಸಾಮಾನು ಹೊರುವ ಮುಂಚೆ ಮರೀನಾ ಆಫೀಸಿನಲ್ಲಿ ಎರಡು ವಿಷಯ ಕೇಳಿ. ದೋಣಿಯಲ್ಲಿ ವಾಸ ಮಾಡಲು ಬಿಡುತ್ತಾರಾ? ಕಟ್ಟಿದ ಜಾಗದಲ್ಲೇ ಯಾವ ಯಾವ ಕೆಲಸ ಮಾಡಬಹುದು? ಮೆಷಿನ್‌ನಿಂದ ಉಜ್ಜೋದು, ಸ್ಪ್ರೇ ಪೇಂಟ್ ಮಾಡೋದು ಬಹಳ ಕಡೆ ನಿಷೇಧ, ಯಾಕೆಂದರೆ ಧೂಳು ನೀರಿಗೂ ಬೀಳುತ್ತದೆ, ಪಕ್ಕದವರ ದೋಣಿ ಮೇಲೂ ಕೂರುತ್ತದೆ. ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಈಗ ತೂತುಗಳ ಲೆಕ್ಕ. ಟಾಯ್ಲೆಟ್, ಸಿಂಕ್, ಎಂಜಿನ್ ತಂಪು ಮಾಡುವ ನೀರು, ಹೀಗೆ ಒಂದೊಂದಕ್ಕೂ ದೋಣಿಯ ತಳದಲ್ಲಿ ತೂತು, ಅದಕ್ಕೊಂದು ಸೀಕಾಕ್ (ತೂತನ್ನು ತೆರೆದು ಮುಚ್ಚುವ ನಲ್ಲಿ), ಅದಕ್ಕೊಂದು ಹೋಸ್ ಇರುತ್ತದೆ. ಎಲ್ಲವನ್ನೂ ಹುಡುಕಿ ಕಾಗದದ ಮೇಲೆ ಗುರುತು ಮಾಡಿ. ಹಿಡಿ ತಿರುಗಿಸಿ ನೋಡಿ, ಆದರೆ ಬಿಗಿದುಕೊಂಡಿದ್ದರೆ ದೋಣಿ ನೀರಿನಲ್ಲಿರುವಾಗ ಜೋರು ಮಾಡಲೇಬೇಡಿ, ಹಳೇ ಲೋಹ ಮುರಿದು ಕೈಗೆ ಬಂದರೆ ನೀರು ನಿಲ್ಲಿಸೋದು ಕಷ್ಟ. ಲೋಹವನ್ನು ಸ್ವಲ್ಪ ಗೀಚಿ ನೋಡಿ. ಗುಲಾಬಿ ಬಣ್ಣ ಕಂಡರೆ ಅದು ಹಿತ್ತಾಳೆ, ಅದರೊಳಗಿನ ಸತು ಕರಗಿ ಹೋಗಿದೆ, ಬಲವೇ ಉಳಿದಿಲ್ಲ ಅಂತ ಅರ್ಥ. ದೋಣಿಯನ್ನು ದಡಕ್ಕೆ ಎತ್ತಿಸಿದಾಗ ಕಂಚಿನದು ಹಾಕಿಸಿ. ಅಲ್ಲಿವರೆಗೆ ಪ್ರತಿ ಸೀಕಾಕ್ ಪಕ್ಕದಲ್ಲಿ ಮೆತ್ತನೆ ಮರದ ಬಿರಡೆಯೊಂದನ್ನು ದಾರದಿಂದ ಕಟ್ಟಿಡಿ, ಸೀಕಾಕ್ ಮುರಿದರೆ ತೂತಿಗೆ ಜಡಿಯಲು. ಒಡೆದು ಬಿರುಕು ಬಿಟ್ಟ ಹೋಸು, ತುಕ್ಕು ಹಿಡಿದ ಕ್ಲಾಂಪು ಬದಲಾಯಿಸಲು ಕಾಯಬೇಡಿ, ಸೀಕಾಕ್ ಸರಿಯಾಗಿ ಮುಚ್ಚುತ್ತಿದ್ದರೆ ಇವತ್ತೇ ಆಗುವ ಕೆಲಸ.

ಬಿಲ್ಜ್ (ದೋಣಿಯೊಳಗಿನ ತೀರಾ ತಗ್ಗಿನ ತಳ) ನೀರು ಹೊರಹಾಕುವ ಪಂಪ್ ಇದೆಯಲ್ಲ ಅಂತ ನೆಮ್ಮದಿಯಾಗಿ ಇರಬೇಡಿ. ನೀರಿನ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗೆ ಒಂದೂವರೆ ಇಂಚಿನ ಹೋಸ್ ಕಳಚಿಕೊಂಡರೆ ನಿಮಿಷಕ್ಕೆ 100 ಲೀಟರಿಗಿಂತ ಜಾಸ್ತಿ ನೀರು ನುಗ್ಗುತ್ತದೆ. ಪಂಪಿನ ಡಬ್ಬಿ ಮೇಲೆ ಬರೆದ ಸಾಮರ್ಥ್ಯವೋ, ನೀರನ್ನು ಮೇಲಕ್ಕೆ ಎತ್ತಬೇಕಾದಾಗ ತುಂಬಾ ಇಳಿಯುತ್ತದೆ. ಪಂಪ್ ನಿಮಗೆ ಸ್ವಲ್ಪ ಸಮಯ ಕೊಡುತ್ತದೆ, ಅಷ್ಟೇ. ಅದರ ವೈರು ಮೈನ್ ಸ್ವಿಚ್ ಮೂಲಕ ಹೋಗದೆ, ಫ್ಯೂಸ್ ಹಾಕಿ ನೇರ ಬ್ಯಾಟರಿಗೆ ಹೋಗಲಿ. ಆಗ ನೀವು ಎಲ್ಲ ಆಫ್ ಮಾಡಿ ಹೊರಗೆ ಹೋದರೂ ಅದು ಓಡುತ್ತದೆ. ನೀರು ಏರಿದಾಗ ತೇಲಿ ಪಂಪನ್ನು ತಾನೇ ಆನ್ ಮಾಡುವ ಫ್ಲೋಟ್ ಸ್ವಿಚ್ಚನ್ನು ಆಗಾಗ ಕೈಯಲ್ಲಿ ಎತ್ತಿ ಪರೀಕ್ಷಿಸಿ.

ದಡದಿಂದ ಕರೆಂಟ್ ತರುವ ಕೇಬಲ್ಲಿನ ಎರಡೂ ತುದಿ ನೋಡಿ. ಪಿನ್ ಕಪ್ಪಾಗಿದ್ದರೆ, ಪ್ಲಾಸ್ಟಿಕ್ ಕಂದಿದ್ದರೆ ಬಳಸಬೇಡಿ. ದಡದ ಕರೆಂಟಿನ ವೈರಿಂಗ್ ಕೆಲಸ ದೋಣಿ ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಇನ್ನೊಂದು ವಿಷಯ ಎಷ್ಟೋ ಜನಕ್ಕೆ ತಡವಾಗಿ ತಿಳಿಯುತ್ತದೆ: ಸದಾ ಕೇಬಲ್ ಹಾಕಿಕೊಂಡೇ ಇದ್ದರೆ ಅರ್ಥ್ ವೈರಿನ ಮೂಲಕ ನಿಮ್ಮ ದೋಣಿಯೂ ಅಕ್ಕಪಕ್ಕದ ದೋಣಿಗಳೂ ಸೇರಿ ಒಂದು ದೊಡ್ಡ ಬ್ಯಾಟರಿಯಾಗುತ್ತವೆ, ನಿಮ್ಮ ಸತುವಿನ ಆನೋಡ್‌ಗಳು (ಬೇರೆ ಲೋಹ ಉಳಿಸಲು ತಾವೇ ಸವೆಯುವ ತುಂಡುಗಳು) ಬೇಗ ಕರಗುತ್ತವೆ, ಅವು ಮುಗಿದರೆ ಮುಂದಿನ ಸರದಿ ಪ್ರೊಪೆಲ್ಲರಿನದು. ಅರ್ಥ್ ವೈರಿನಲ್ಲಿ ಈ ಸಣ್ಣ ಕರೆಂಟನ್ನು ತಡೆಯುವ ಗ್ಯಾಲ್ವನಿಕ್ ಐಸೊಲೇಟರ್ ಹಾಕಿಸಿ. ಆನೋಡ್ ಅರ್ಧ ಸವೆದಾಗಲೇ ಬದಲಾಯಿಸಿ.

ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಬಿಲ್ಜ್‌ನಲ್ಲಿ ಹೋಗಿ ಕೂರುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಿಂದ ಸೋರಿಕೆ ದೋಣಿಯ ಹೊರಗೆ ಹೋಗುವಂತಿರಬೇಕು. ಮಲಗುವ ಜಾಗದಲ್ಲಿ ಕಾರ್ಬನ್ ಮೋನಾಕ್ಸೈಡ್ ಅಲಾರ್ಮ್ ಇರಲೇಬೇಕು.

ಇನ್ನು ಸೋರಿಕೆ. ಫೈಬರ್ ಗ್ಲಾಸ್ ದೋಣಿಗಳ ಡೆಕ್ (ನಾವು ಓಡಾಡುವ ಮೇಲಿನ ಹಾಸು) ಸಾಮಾನ್ಯವಾಗಿ ಎರಡು ಪದರ ಫೈಬರಿನ ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್ ಇಟ್ಟು ಮಾಡಿದ್ದು. ಬೋಲ್ಟಿನ ಸುತ್ತಲಿನ ಸೀಲಂಟ್ ಹಳತಾದರೆ ನೀರು ಒಳಗಿನ ಮರಕ್ಕೆ ಇಳಿಯುತ್ತದೆ, ಅಲ್ಲೇ ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ಹಾಗಾಗಿ ತೊಟ್ಟಿಕ್ಕುವ ಕಡೆ ಸುಮ್ನೆ ಸಿಲಿಕೋನ್ ಮೆತ್ತಿದರೆ ಪ್ರಯೋಜನವಿಲ್ಲ. ಪ್ಲಾಸ್ಟಿಕ್ ಸುತ್ತಿಗೆಯಿಂದ ಡೆಕ್ ಪೂರ್ತಿ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಟಕ್ ಟಕ್ ಅನ್ನುತ್ತದೆ, ಕೊಳೆತ ಕಡೆ ಸದ್ದು ಮಂಕು. ಚಾಕ್‌ಪೀಸಿನಲ್ಲಿ ಗುರುತು ಹಾಕಿ.

ಬೋಲ್ಟಿನ ಸುತ್ತ ಮಾತ್ರ ಸ್ವಲ್ಪ ಹಾಳಾಗಿದ್ದರೆ ರಿಪೇರಿ ಸುಲಭ. ಬೋಲ್ಟ್ 6 ಮಿಲಿಮೀಟರ್ ಇದ್ದರೆ ತೂತನ್ನು 12ಕ್ಕೆ ಅಗಲ ಮಾಡಿ, ಕೊಳೆತ ಮರ ಕೆರೆದು ತೆಗೆಯಿರಿ, ಪೂರ್ತಿ ಒಣಗಲು ಬಿಡಿ. ಕೆಳಗಿನಿಂದ ಟೇಪ್ ಅಂಟಿಸಿ. ಮೊದಲು ತೆಳು ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಹಚ್ಚಿ ಮರಕ್ಕೆ ಕುಡಿಸಿ, ಆಮೇಲೆ ಸಿಲಿಕಾ ಪುಡಿ ಕಲಸಿ ಗಟ್ಟಿ ಮಾಡಿದ ಎಪಾಕ್ಸಿ ತುಂಬಿ. ಗಟ್ಟಿಯಾದ ಮೇಲೆ ಮಧ್ಯದಲ್ಲಿ 6 ಮಿಲಿಮೀಟರ್ ತೂತು ಕೊರೆದು, ಬಾಯನ್ನು ಸ್ವಲ್ಪ ಇಳಿಜಾರಾಗಿ ಕೆತ್ತಿ, ನೀರು ತಡೆಯುವ ಮೆತ್ತನೆ ರಬ್ಬರಿನಂಥ ಬ್ಯೂಟೈಲ್ ಟೇಪ್ ಸುತ್ತಿ ಬೋಲ್ಟ್ ಕೂರಿಸಿ. ಇನ್ನು ಮುಂದೆ ಮರಕ್ಕೆ ನೀರು ಮುಟ್ಟುವ ದಾರಿಯೇ ಇಲ್ಲ. ಬಿಗಿಮಾಡುವಾಗ ಬೋಲ್ಟ್ ತಿರುಗಬಾರದು, ನಟ್ ಮಾತ್ರ ತಿರುಗಲಿ. ಅದನ್ನೂ ಒಂದೇ ಸಲ ಬಿಗಿಯದೆ ಕೆಲವು ದಿನ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಎಪಾಕ್ಸಿ ಮೇಲೆ ಮತ್ತೊಂದು ಪದರ ಹಾಕುವುದಿದ್ದರೆ ಮೊದಲು ನೀರು ಹಾಕಿ ತಿಕ್ಕಿ ತೊಳೆಯಿರಿ, ಆಮೇಲೆ ಉಜ್ಜಿ. ಮೇಲೆ ಕೂತಿರುವ ಜಿಡ್ಡು ತೊಳೆಯದೆ ಉಜ್ಜಿದರೆ ಅದು ಇನ್ನಷ್ಟು ಹರಡುತ್ತದೆ.

ಇಷ್ಟೆಲ್ಲದರ ನಡುವೆ ಬದುಕಬೇಕಲ್ಲ! ಹಾಸಿಗೆ, ಒಲೆ, ಟಾಯ್ಲೆಟ್, ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಬಿಚ್ಚಿ, ಅದು ಮುಗಿಯದೆ ಇನ್ನೊಂದನ್ನು ಮುಟ್ಟಬೇಡಿ. ಫೈಬರ್ ಗ್ಲಾಸ್ ಉಜ್ಜುವ ಕೆಲಸ ಕ್ಯಾಬಿನ್ನಿನೊಳಗೆ ಇದ್ದರೆ ಆ ದಿನಗಳಿಗೆ ಬೇರೆ ಕಡೆ ಮಲಗಿ. ಆ ಧೂಳು ಹಾಸಿಗೆಗೆ ಸೇರಿದರೆ ಮೈಯೆಲ್ಲ ತುರಿಕೆ, ಶ್ವಾಸಕೋಶಕ್ಕೂ ಕೆಟ್ಟದ್ದು. ಧೂಳಿನ ಮಾಸ್ಕ್ ಬೇರೆ, ಪೇಂಟು ಮತ್ತು ಥಿನ್ನರ್ ಹೊಗೆ ತಡೆಯುವ ಕಾರ್ಟ್ರಿಡ್ಜ್ ಬೇರೆ, ಎರಡೂ ಬೇಕು. ಮೆತ್ತೆಯ ಕೆಳಗೆ ಗಾಳಿ ಆಡಲು ಜಾಗ ಬಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಮಾಸ್ಟ್ (ಹಾಯಿ ಕಟ್ಟುವ ಕಂಬ) ಹಿಡಿದಿರುವ ಸ್ಟೀಲ್ ವೈರುಗಳಿಗೆ ಸಾಮಾನ್ಯವಾಗಿ 10ರಿಂದ 15 ವರ್ಷ ಆಯುಸ್ಸು. ಕಟ್ಟಿ ನಿಂತ ದೋಣಿಯಲ್ಲಿ ಇದು ಸ್ವಲ್ಪ ಕಾಯಬಹುದು, ಹಾಯಿ ಏರಿಸುವ ಮುಂಚೆ ಮಾತ್ರ ಬಿಡುವ ಹಾಗಿಲ್ಲ. ವೈರಿನ ಒಂದು ಎಳೆ ತುಂಡಾಗಿದ್ದರೂ, ತುದಿಯ ಫಿಟಿಂಗ್‌ನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬದಲಾಯಿಸಿ. ವೈರು ಕಟ್ಟುವ ಚೈನ್‌ಪ್ಲೇಟ್ ಡೆಕ್ ದಾಟುವ ಕಡೆ ಒಳಗೊಳಗೇ ತುಕ್ಕು ಹಿಡಿಯುತ್ತದೆ, ಹೊರಗಿಂದ ಹೊಳೆಯುತ್ತಲೇ ಇರುತ್ತದೆ. ಒಂದೊಂದನ್ನೇ ಬಿಚ್ಚಿ ನೋಡಿ. ಬಿಚ್ಚುವ ಮುಂಚೆ ಆ ಬದಿಗೆ ಹಾಯಿಯನ್ನು ಮೇಲೇರಿಸುವ ಹಗ್ಗ ಬಿಗಿದು ಮಾಸ್ಟಿಗೆ ಆಸರೆ ಕೊಡಿ.