ಗೇಮಿಂಗ್ ಹೆಡ್‌ಸೆಟ್ ತಗೊಳ್ಳೋರಿಗೆ ಒಂದೆರಡು ಮಾತು

ಮೊದಲನೇದು: ಬ್ಲೂಟೂತ್ ಮಾತ್ರ ಇರೋ ಹೆಡ್‌ಸೆಟ್ ಪಿಸಿ ಗೇಮಿಂಗ್‌ಗೆ ಬೇಡ. ಹಾಡು ಕೇಳೋವಾಗ ಚೆನ್ನಾಗೇ ಇರುತ್ತೆ. ಗೇಮ್ ಒಳಗೆ ಮೈಕ್ ಆನ್ ಮಾಡಿದ ತಕ್ಷಣ ಸಾಮಾನ್ಯವಾಗಿ ಅದು ಕರೆ ಮಾಡೋ ಮೋಡ್‌ಗೆ ಜಾರುತ್ತೆ, ಸ್ಟೀರಿಯೋ ಹೋಗಿ ಶಬ್ದ ಹಳೇ ಲ್ಯಾಂಡ್‌ಲೈನ್ ಥರ ಆಗುತ್ತೆ. ಎಡಗಡೆ ಹೆಜ್ಜೆನೋ ಬಲಗಡೆ ಹೆಜ್ಜೆನೋ ಗೊತ್ತಾಗಲ್ಲ. ನಾನು ಒಂದು ವಾರ ಡ್ರೈವರ್ ಹಾಳಾಗಿದೆ ಅಂತ ವಿಂಡೋಸ್ ಜೊತೆ ಗುದ್ದಾಡಿದೆ! ಜೊತೆಗೆ ಗುಂಡಿನ ಸದ್ದು ಕೊಂಚ ತಡವಾಗಿ ಬರೋ ಕಾಟ ಬೇರೆ. ವೈರ್‌ಲೆಸ್ಸೇ ಬೇಕಂದ್ರೆ 2.4 ಗಿಗಾಹರ್ಟ್ಸ್ ಯುಎಸ್‌ಬಿ ಡಾಂಗಲ್ (ಪಿಸಿಗೆ ಚುಚ್ಚೋ ಪುಟ್ಟ ರಿಸೀವರ್) ಇರೋದನ್ನ ನೋಡಿ. ಬಜೆಟ್ ಕಮ್ಮಿ ಇದ್ರೆ ವೈರ್ ಇರೋದೇ ವಾಸಿ.

ಡಬ್ಬಿ ಮೇಲೆ 7.1 (ಸುತ್ತಲಿಂದ ಶಬ್ದ ಬರೋ ಸರೌಂಡ್ ಸೌಂಡ್) ಅಂತ ದೊಡ್ಡದಾಗಿ ಬರೆದಿದ್ದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಹೆಚ್ಚಿನವುಗಳಲ್ಲಿ ಅದು ಬರೀ ಸಾಫ್ಟ್‌ವೇರ್ ಕರಾಮತ್ತು, ಒಳಗಿರೋದು ಕಿವಿಗೊಂದೇ ಸ್ಪೀಕರ್. ವ್ಯಾಲೊರೆಂಟ್ ಅನ್ನೋ ಶೂಟಿಂಗ್ ಗೇಮ್‌ನ ಸೆಟ್ಟಿಂಗ್ಸ್‌ನಲ್ಲೇ ಎಚ್‌ಆರ್‌ಟಿಎಫ್ ಇದೆ, ಅಂದ್ರೆ ಶಬ್ದ ಯಾವ ದಿಕ್ಕಿಂದ ಬರ್ತಿದೆ ಅಂತ ಎರಡೇ ಸ್ಪೀಕರ್‌ನಲ್ಲಿ ತಿಳಿಸೋ ತಂತ್ರ. ಅದನ್ನ ಆನ್ ಮಾಡಿ, ಹೆಡ್‌ಸೆಟ್‌ನ 7.1 ಆಫ್ ಮಾಡಿ. ಎರಡೂ ಒಟ್ಟಿಗಿದ್ರೆ ದಿಕ್ಕು ಕಲಸುಮೇಲೋಗರ.

3.5 ಎಂಎಂ ಪಿನ್‌ನಲ್ಲಿ ಮೂರು ಕಪ್ಪು ಗೆರೆ ಇದ್ರೆ ಮೈಕ್ ಕೂಡ ಅದರಲ್ಲೇ ಇದೆ ಅಂತ. ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ಶಬ್ದಕ್ಕೆ ಹಸಿರು, ಮೈಕ್‌ಗೆ ಗುಲಾಬಿ ಅಂತ ಬೇರೆ ಬೇರೆ ತೂತು ಇದ್ರೆ, ಒಂದು ಪಿನ್ನನ್ನ ಎರಡಾಗಿ ಒಡೆಯೋ ಸ್ಪ್ಲಿಟರ್ ಬೇಕಾಗುತ್ತೆ.

ಇನ್ನು ಲೆದರ್ ಥರದ ಕುಷನ್ ನಮ್ಮ ಬೇಸಿಗೆಗೆ ಕಿವಿ ಬೇಯಿಸುತ್ತೆ, ಆಮೇಲೆ ಸಿಪ್ಪೆನೂ ಏಳುತ್ತೆ. ಬಟ್ಟೆಯದು ಹುಡುಕಿ. ತೂಕ 300 ಗ್ರಾಂ ಒಳಗಿದ್ರೆ ಕತ್ತು ಉಳಿಯುತ್ತೆ. ಕನ್ನಡಕ ಹಾಕೋರು ಅಂಗಡಿಯಲ್ಲೇ ಹತ್ತು ನಿಮಿಷ ಹಾಕ್ಕೊಂಡು ನೋಡಿ, ಅಂಗಡಿಯವರು ಗುರಾಯಿಸಿದ್ರೂ ಪರವಾಗಿಲ್ಲ.